‘ಚಾರ್ಜ್’ ಅಂದರೆ ಇಲ್ಲಿ ಏನು? ಹೇರಿದ್ದು ಏನು ಅಂತ ಕೇಳಿ ನೋಡಿ

ಹೋದ ವರ್ಷ ಒಂದು ದಿನ ದೊಡ್ಡಪ್ಪನಿಂದ ಫೋನ್ ಬಂತು. ದನಿಯಲ್ಲಿ ಗಾಬರಿ. "ಲೋ, ಬ್ಯಾಂಕಿನಿಂದ ಇಂಗ್ಲಿಷ್ ಕಾಗದ ಬಂದಿದೆ ಕಣೋ. ನನ್ನ ಜಮೀನಿನ ಮೇಲೆ ಚಾರ್ಜ್ ಹಾಕಿದ್ದಾರಂತೆ. ಎಷ್ಟು ಕಟ್ಟಬೇಕು ಅಂತ ಎಲ್ಲೂ ಬರೆದೇ ಇಲ್ಲ."

ಕಾಗದದ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸಿ ಅಂದೆ. ನೋಡಿದರೆ ಕಟ್ಟುವ ದುಡ್ಡಿನ ಮಾತೇ ಅಲ್ಲಿರಲಿಲ್ಲ. ಅವರು ಬೆಳೆ ಸಾಲ ತಗೊಂಡಿದ್ದರು. ಸಾಲಕ್ಕೆ ಆಧಾರವಾಗಿ ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ದಾಖಲಾಗಿದೆ, ಅಷ್ಟೇ. ಪಹಣಿಯ 11ನೇ ಕಾಲಂನಲ್ಲಿ ಸಾಲದ ವಿವರ ಬರುತ್ತದಲ್ಲ, ಅದೇ. "ದೊಡ್ಡಪ್ಪ, ಇದು ಶುಲ್ಕ ಅಲ್ಲ, ಋಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಂತ ಬರೆಯೋಕೆ ಏನಾಗಿತ್ತು ಅವರಿಗೆ?" ಅಂದರು. ಎರಡು ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲವಂತೆ. ಒಂದು ಪದಕ್ಕೆ!

ಈ ಬರಹ ಹುಟ್ಟಿದ್ದು ಅವತ್ತೇ. ಚಾರ್ಜ್ ಎಂಬ ಪದ ನಮಗೆ ಹೊಸದೇನಲ್ಲ. ರಾತ್ರಿ ಮಲಗುವಾಗ ಫೋನನ್ನು ಚಾರ್ಜಿಗೆ ಹಾಕುತ್ತೇವೆ, ಬೆಳಗ್ಗೆ ಬಸ್ ಚಾರ್ಜ್ ಜಾಸ್ತಿ ಆಯ್ತು ಅಂತ ಬೇಜಾರು ಮಾಡಿಕೊಳ್ಳುತ್ತೇವೆ, ಹೊಸ ಹೆಡ್‌ಮಾಸ್ಟರ್ ಚಾರ್ಜ್ ತಗೊಂಡರು ಅನ್ನುತ್ತೇವೆ, ಪೇಪರಿನಲ್ಲಿ ಲಾಠಿ ಚಾರ್ಜ್ ಓದುತ್ತೇವೆ, ಟೀವಿಯಲ್ಲಿ ಚಾರ್ಜ್‌ಶೀಟ್ ಅಂತ ಕೇಳುತ್ತೇವೆ, ಆಸ್ಪತ್ರೆಯಲ್ಲಿರುವ ನೆಂಟರು ಯಾವಾಗ ಡಿಸ್ಚಾರ್ಜ್ ಅಂತ ವಿಚಾರಿಸುತ್ತೇವೆ. ಮಾತಿನಲ್ಲಿ ತೊಂದರೆಯೇ ಇಲ್ಲ. ಆದರೆ ಇಂಗ್ಲಿಷ್ ಕಾಗದ ಓದುವಾಗ, ಅಥವಾ ನಾವೇ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ, ಯಾವ ಅರ್ಥ ಹಿಡಿಯಬೇಕು, ಅದರ ಬದಲು ಯಾವ ಪದ ಹಾಕಬಹುದು ಅನ್ನುವಲ್ಲಿ ಕೈ ತಡೆಯುತ್ತದೆ. ಇಪ್ಪತ್ತು ಅರ್ಥಗಳ ಪಟ್ಟಿ ಬಾಯಿಪಾಠ ಮಾಡುವ ದಾರಿ ನನಗೆ ಇಷ್ಟ ಇಲ್ಲ, ಅದು ಮನಸ್ಸಿನಲ್ಲಿ ನಿಲ್ಲುವುದೂ ಇಲ್ಲ. ಬೇರೆ ದಾರಿ ಇದೆ.

ಮೊದಲು ಬೇರು ಹಿಡಿಯಿರಿ

ಲ್ಯಾಟಿನ್ ಭಾಷೆಯಲ್ಲಿ ‘ಕರ್ರಸ್’ ಅಂದರೆ ಗಾಡಿ. ಅದರಿಂದ ಗಾಡಿಗೆ ಸರಕು ತುಂಬುವುದಕ್ಕೆ ಒಂದು ಕ್ರಿಯಾಪದ ಹುಟ್ಟಿತು. ಅದು ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕ್ಯಾರಿ, ಕಾರ್ಗೋ ಎಲ್ಲವೂ ಇದೇ ಮನೆಯ ಮಕ್ಕಳು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಕೂಡ ಇದೇ ಬೇರಿನದು. ಮೂಗನ್ನೋ ಗಡ್ಡವನ್ನೋ ಅತಿಯಾಗಿ ಹೇರಿ ಬರೆದ ಚಿತ್ರ.

ಅಂದರೆ ಚಾರ್ಜ್ ಪದದ ಹೊಟ್ಟೆಯಲ್ಲಿರುವುದು ಒಂದೇ ಕೆಲಸ, ಹೇರುವುದು. ಈಗ ನಮ್ಮ ಕನ್ನಡ ನೋಡಿ. ಗಾಡಿಗೆ ಮೂಟೆ ಹೇರುತ್ತೇವೆ. ತೆರಿಗೆಯನ್ನೂ ಹೇರುತ್ತಾರೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊರುತ್ತೇವೆ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುತ್ತಾರೆ, ಹೊಣೆಯನ್ನೂ ಹೊರಿಸುತ್ತಾರೆ. ಆರೋಪ ಅನ್ನುವ ಸಂಸ್ಕೃತ ಪದದ ಮೂಲ ಅರ್ಥವೇ ಮೇಲೆ ಇಡುವುದು, ಏರಿಸುವುದು. ಪ್ರಭಾರ, ಕಾರ್ಯಭಾರ, ಋಣಭಾರ, ಎಲ್ಲದರಲ್ಲೂ ಭಾರ ಇದೆ. ಅಧಿಕಾರ ವಹಿಸಿಕೊಂಡರು ಅನ್ನುವಾಗಿನ ‘ವಹಿಸು’ ಕೂಡ ಹೊರುವುದೇ. ಯುರೋಪಿನ ಗಾಡಿಯೂ ನಮ್ಮ ಗಾಡಿಯೂ ಒಂದೇ ದಾರಿಯಲ್ಲಿ ನಡೆದಿವೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಹಾಗಾಗಿ ಈ ಪದ ಎದುರಾದಾಗೆಲ್ಲ ಒಂದು ಪ್ರಶ್ನೆ ಕೇಳಿ: ಯಾರು, ಯಾರ ಮೇಲೆ, ಏನನ್ನು ಹೇರಿದರು? ಹೇರಿದ್ದು ದುಡ್ಡೋ, ಹೊಣೆಯೋ, ತಪ್ಪೋ, ಮದ್ದೋ, ವಿದ್ಯುತ್ತೋ? ಅದು ಗೊತ್ತಾದರೆ ಮೊದಲು ಕನ್ನಡ ಪದ ಹೊಳೆಯುತ್ತದೆ. ಆ ಕನ್ನಡ ಪದ ಹಿಡಿದು ಇಂಗ್ಲಿಷಿನ ಸಮಾನಾರ್ಥಕ ಹುಡುಕಿ. ನೇರವಾಗಿ ಸಮಾನಾರ್ಥಕಗಳ ಪಟ್ಟಿ ತೆಗೆದು ಮೊದಲು ಕಂಡದ್ದನ್ನು ಹಾಕಬೇಡಿ. ಆ ಪಟ್ಟಿಯಲ್ಲಿ ಫೀ ಪಕ್ಕದಲ್ಲೇ ಅಟ್ಯಾಕ್ ಕೂತಿರುತ್ತದೆ.

ಹೇರಿದ್ದು ದುಡ್ಡಾದರೆ

ನಾವು ಅತಿ ಹೆಚ್ಚು ಎಡವುವ ಜಾಗ ಇದು. ನಮಗೆ ಎಲ್ಲವೂ ಚಾರ್ಜೇ. ಬಸ್ ಚಾರ್ಜ್, ಆಟೋ ಚಾರ್ಜ್, ಡಾಕ್ಟರ್ ಚಾರ್ಜ್, ಹೊಲಿಗೆ ಚಾರ್ಜ್. ಇಂಗ್ಲಿಷಿನಲ್ಲಿ ಬರೆಯುವಾಗ ಇವು ಬೇರೆಬೇರೆಯಾಗುತ್ತವೆ. ಬಸ್ಸು, ರೈಲು, ಆಟೋದಲ್ಲಿ ಕೂತು ಹೋಗುವುದಕ್ಕೆ ಕೊಡುವುದು ಫೇರ್. ಡಾಕ್ಟರಿಗೆ, ವಕೀಲರಿಗೆ, ಶಾಲೆಗೆ, ಪರೀಕ್ಷೆಗೆ ಕಟ್ಟುವುದು ಫೀ. ಹೆದ್ದಾರಿಯಲ್ಲಿ, ಸೇತುವೆಯಲ್ಲಿ ಕೊಡುವುದು ಟೋಲ್. ಅಂಗಡಿಯ ಸಾಮಾನಿನ ಮೇಲೆ ಬರೆದಿರುವುದು ಪ್ರೈಸ್. ಅದನ್ನು ತರಲು ಅಥವಾ ತಯಾರಿಸಲು ಆದ ಖರ್ಚು ಕಾಸ್ಟ್. ತಪ್ಪು ಮಾಡಿದ್ದಕ್ಕೆ ಕಟ್ಟುವುದು ಫೈನ್. ಚಾರ್ಜ್ ಅನ್ನುವುದು ಹೆಚ್ಚಾಗಿ ಒಂದು ಸೇವೆಗೆ ಕೇಳುವ ದುಡ್ಡು. ಡೆಲಿವರಿ ಚಾರ್ಜ್, ಸರ್ವಿಸ್ ಚಾರ್ಜ್ ಹಾಗೆ. ಮುಖ್ಯ ಬೆಲೆಯ ಜೊತೆಗೆ ಬಂದು ಸೇರುವ ದುಡ್ಡಿಗೆ ಈ ಪದ ಚೆನ್ನಾಗಿ ಹೊಂದುತ್ತದೆ.

ಕನ್ನಡದ ‘ಬಾಡಿಗೆ’ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮದು ಒಂದೇ ಪದ, ಅವರದ್ದು ಮೂರು. ಆಟೋ ಬಾಡಿಗೆ ಫೇರ್, ಮನೆ ಬಾಡಿಗೆ ರೆಂಟ್, ಮದುವೆಗೆ ತಂದ ಶಾಮಿಯಾನ ಪಾತ್ರೆಗಳ ಬಾಡಿಗೆ ಹೈರ್ ಚಾರ್ಜ್.

ಕರೆಂಟ್ ಬಿಲ್ ಎತ್ತಿಕೊಳ್ಳಿ, ಅದೊಂದು ಒಳ್ಳೆಯ ಪಾಠ. ಅದರಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಒಂದಿದೆ, ಕನ್ನಡದಲ್ಲಿ ನಿಗದಿತ ಶುಲ್ಕ. ಎನರ್ಜಿ ಚಾರ್ಜ್ ಅಂತ ಇನ್ನೊಂದು. ಎರಡನೆಯದು ಉರಿಸಿದ ಯೂನಿಟ್ಟಿಗೆ. ಮೊದಲನೆಯದು ನೀವು ಮಂಜೂರು ಮಾಡಿಸಿಕೊಂಡ ಲೋಡಿಗೆ, ಇಷ್ಟು ಕಿಲೋವಾಟ್ ಅಂತ. ಮನೆಗೆ ಬೀಗ ಹಾಕಿ ತಿಂಗಳು ಊರಿಗೆ ಹೋದರೂ ಅದು ಬಂದೇ ಬರುತ್ತದೆ. ಲೋಡ್ ಅಂದರೂ ಹೊರೆಯೇ, ಅಲ್ವಾ? ಸರ್ಚಾರ್ಜ್ ಅಂದರೆ ಹೊರೆಯ ಮೇಲೆ ಇನ್ನೊಂದು ಹೊರೆ. ಓವರ್‌ಚಾರ್ಜ್ ಮಾಡಿದ ಅಂದರೆ ಜಾಸ್ತಿ ಕಿತ್ತುಕೊಂಡ. ಫ್ರೀ ಆಫ್ ಚಾರ್ಜ್ ಅಂದರೆ ಪುಕ್ಕಟೆ. ಅದನ್ನು ‘ಶುಲ್ಕರಹಿತವಾಗಿ’ ಅಂತೆಲ್ಲ ಬರೆಯುವ ಬದಲು ಉಚಿತ ಅಂದರೆ ಸಾಕು.

ವಾಕ್ಯ ಕಟ್ಟುವಾಗ ಒಂದು ತಪ್ಪು ನಮ್ಮಲ್ಲಿ ತುಂಬಾ ಕಾಣುತ್ತದೆ. ‘ನನ್ನಿಂದ ಇನ್ನೂರು ರೂಪಾಯಿ ತಗೊಂಡ’ ಅನ್ನುವುದನ್ನು ಹಾಗೇ ತಂದು ‘ಹಿ ಚಾರ್ಜ್ಡ್ ಟೂ ಹಂಡ್ರೆಡ್ ರುಪೀಸ್ ಫ್ರಮ್ ಮಿ’ ಅನ್ನುತ್ತೇವೆ. ಈ ಫ್ರಮ್ ಬೇಡ. ‘ಹಿ ಚಾರ್ಜ್ಡ್ ಮಿ ಟೂ ಹಂಡ್ರೆಡ್ ರುಪೀಸ್’ ಅನ್ನಬೇಕು. ಯಾಕೆ ಅಂದರೆ ಹೇರಿಸಿಕೊಂಡವನು ನಾನು, ಕ್ರಿಯಾಪದದ ಪಕ್ಕದಲ್ಲೇ ನಾನಿರಬೇಕು. ಯಾವುದಕ್ಕೆ ತಗೊಂಡ ಅಂತ ಹೇಳಬೇಕಾದರೆ ಕೊನೆಗೆ ಫಾರ್ ಸೇರಿಸಿ. ಇಷ್ಟು ಸರಿ ಮಾಡಿಕೊಂಡರೂ ನಿಮ್ಮ ಇಂಗ್ಲಿಷ್ ಎಷ್ಟೋ ಚೊಕ್ಕ ಆಗುತ್ತದೆ.

ಹೇರಿದ್ದು ಹೊಣೆಯಾದರೆ

ಸರ್ಕಾರಿ ಕಚೇರಿ, ಶಾಲೆ ಕಂಡವರಿಗೆ ಇದು ಗೊತ್ತು. ವರ್ಗವಾದವರು ಚಾರ್ಜ್ ಕೊಡುತ್ತಾರೆ, ಬಂದವರು ತಗೊಳ್ಳುತ್ತಾರೆ. ಬೀರುವಿನ ಬೀಗದ ಕೈಯಿಂದ ಹಿಡಿದು ದಾಖಲೆ ಪುಸ್ತಕದ ತನಕ ಚಾರ್ಜ್ ಲಿಸ್ಟಿನಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಕನ್ನಡದಲ್ಲಿ ಪ್ರಭಾರ. ಪೂರ್ಣಾವಧಿ ಹೆಡ್‌ಮಾಸ್ಟರ್ ಇಲ್ಲದ ಶಾಲೆಯಲ್ಲಿ ‘ಪ್ರಭಾರ ಮುಖ್ಯೋಪಾಧ್ಯಾಯರು’ ಅನ್ನುವ ಬೋರ್ಡು ನೋಡಿರುತ್ತೀರಿ. ಸಚಿವರಾದರೆ ಜಿಲ್ಲಾ ಉಸ್ತುವಾರಿ. ಇಂಗ್ಲಿಷಿನಲ್ಲಿ ಬೇರೆ ಪದ ಬೇಕಾದರೆ ಕೇರ್, ಕಸ್ಟಡಿ, ರೆಸ್ಪಾನ್ಸಿಬಿಲಿಟಿ, ಕಂಟ್ರೋಲ್. ಮಗುವಿಗೆ ಕೇರ್, ಕೈದಿಗೆ ಕಸ್ಟಡಿ, ಇಲಾಖೆಗೆ ರೆಸ್ಪಾನ್ಸಿಬಿಲಿಟಿ. ಅದಲುಬದಲು ಮಾಡಿದರೆ ಮಗು ಕೈದಿಯಾಗುತ್ತದೆ.

ಇಲ್ಲಿ ಒಂದು ಸಣ್ಣ ‘ದ’ ಇಡೀ ಅರ್ಥವನ್ನೇ ತಿರುಗಿಸಿಬಿಡುತ್ತದೆ. ‘ಇನ್ ಚಾರ್ಜ್ ಆಫ್ ದ ಚೈಲ್ಡ್’ ಅಂದರೆ ಮಗುವಿನ ಹೊಣೆ ಹೊತ್ತವಳು, ಅಂದರೆ ಆಯಾ. ‘ಇನ್ ದ ಚಾರ್ಜ್ ಆಫ್ ದ ನರ್ಸ್’ ಅಂದರೆ ನರ್ಸ್ ಸುಪರ್ದಿಯಲ್ಲಿರುವುದು, ಅಂದರೆ ಮಗು. ಚಾರ್ಜ್‌ಗಿಂತ ಮೊದಲು ‘ದ’ ಇಲ್ಲದಿದ್ದರೆ ಹೊತ್ತವರು, ಇದ್ದರೆ ಹೊರಿಸಿದ್ದು. ಪರೀಕ್ಷೆಗೆ ಓದುವವರು ಇದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಉದಾಹರಣೆ, ಅಡಿಷನಲ್ ಚಾರ್ಜ್. ಹೋಟೆಲ್ ಬಿಲ್ಲಿನಲ್ಲಿ ಕಂಡರೆ ಹೆಚ್ಚುವರಿ ಶುಲ್ಕ. ಅಧಿಕಾರಿಗಳ ವರ್ಗಾವಣೆ ಆದೇಶದಲ್ಲಿ ಕಂಡರೆ ಹೆಚ್ಚುವರಿ ಪ್ರಭಾರ, ತನ್ನ ಹುದ್ದೆಯ ಜೊತೆ ಇನ್ನೊಂದು ಹುದ್ದೆಯ ಹೊರೆ. ಎರಡು ಪದವೂ ಅವೇ. ಕಾಗದ ಎಲ್ಲಿಂದ ಬಂತು ಅನ್ನುವುದೇ ಅರ್ಥ ಹೇಳುತ್ತದೆ.

ದೊಡ್ಡಪ್ಪನ ಜಮೀನಿನ ಚಾರ್ಜ್ ದುಡ್ಡು ಮತ್ತು ಹೊಣೆ ಎರಡರ ನಡುವೆ ನಿಂತಿದೆ. ಇಲ್ಲಿ ಹೊರೆ ಬಿದ್ದಿರುವುದು ಮನುಷ್ಯನ ಮೇಲಲ್ಲ, ಆಸ್ತಿಯ ಮೇಲೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂ ಈ ಅರ್ಥದ ಚಾರ್ಜನ್ನೇ ವಿವರಿಸುತ್ತದೆ. ಜಮೀನು ಕೊಳ್ಳುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸುವ ಇ.ಸಿ.ಗೆ ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ ಅನ್ನುತ್ತಾರೆ. ಎಷ್ಟು ಸೊಗಸಾದ ಪದ! ಬ್ಯಾಂಕಿನ ಕಾಗದದಲ್ಲಿ ಚಾರ್ಜ್ ಆದಮೇಲೆ ‘ಆನ್’ ಬಂದು, ಅದರ ನಂತರ ಆಸ್ತಿಯ ಹೆಸರು ಬಂದರೆ ಗಾಬರಿಯಾಗದೆ ಋಣ ಅಂತ ಓದಿ. ಸಾಲ ತೀರಿದ ಮೇಲೆ ಅದನ್ನು ಪಹಣಿಯಿಂದ ತೆಗೆಸುವುದನ್ನು ಮಾತ್ರ ಮರೆಯಬೇಡಿ.

ಹೇರಿದ್ದು ತಪ್ಪಾದರೆ

ಸುದ್ದಿ ಓದುವವರು, ಅದಕ್ಕಿಂತ ಹೆಚ್ಚಾಗಿ ಬರೆಯುವವರು, ಇಲ್ಲಿ ತುಂಬಾ ಜೋಪಾನವಾಗಿರಬೇಕು. ಒಬ್ಬ ಮನುಷ್ಯನ ಮಾನ ಈ ಪದದ ಮೇಲೆ ನಿಂತಿರುತ್ತದೆ.

ನಮ್ಮ ದೇಶದ ಕ್ರಿಮಿನಲ್ ಪ್ರಕರಣದಲ್ಲಿ ಮೂರು ಮೆಟ್ಟಿಲುಗಳನ್ನು ಬೇರೆ ಮಾಡಿ ನೋಡಿ. ಮೊದಲು ಎಫ್‌ಐಆರ್, ಅದು ಬರೀ ಮಾಹಿತಿ ದಾಖಲಾಗುವುದು. ಆಮೇಲೆ ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವುದು ಚಾರ್ಜ್‌ಶೀಟ್, ಕನ್ನಡದಲ್ಲಿ ದೋಷಾರೋಪ ಪಟ್ಟಿ. ಆರೋಪಿ ಬಂಧನದಲ್ಲಿದ್ದರೆ ಅಪರಾಧ ಎಂಥದು ಅನ್ನುವುದರ ಮೇಲೆ 60 ಅಥವಾ 90 ದಿನದೊಳಗೆ ಇದು ಬರಬೇಕು, ಬರದಿದ್ದರೆ ಅವನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಮೂರನೆಯದು, ಕೋರ್ಟು ತಾನೇ ನೋಡಿ ಈ ಆರೋಪಗಳ ಮೇಲೆ ವಿಚಾರಣೆ ನಡೆಯಲಿ ಅಂತ ನಿಗದಿ ಮಾಡುವುದು. ಅದು ಚಾರ್ಜ್ ಫ್ರೇಮ್. ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಒಬ್ಬರನ್ನು ಇಂಗ್ಲಿಷಿನಲ್ಲಿ ಚಾರ್ಜ್ಡ್ ಅಂತ ಬರೆದರೆ ಎರಡು ಮೆಟ್ಟಿಲು ಹಾರಿದ ಹಾಗೆ. ಚಾರ್ಜ್‌ಶೀಟ್ ಆದರೂ, ಚಾರ್ಜ್ ಫ್ರೇಮ್ ಆದರೂ ತಪ್ಪು ಸಾಬೀತಾಗಿಲ್ಲ.

ಸಮಾನಾರ್ಥಕಗಳು ಅಕ್ಯೂಸ್, ಅಲೆಜ್, ಬ್ಲೇಮ್. ಇವು ಒಂದೇ ತೂಕದವಲ್ಲ. ಅಕ್ಯೂಸ್ ಯಾರು ಯಾರನ್ನಾದರೂ ಮಾಡಬಹುದು, ಪಕ್ಕದ ಮನೆಯವರೂ ಸಾಕು. ಅಲೆಜ್ ಅಂದರೆ ಸಾಬೀತಾಗದ ಮಾತನ್ನು ಮುಂದಿಡುವುದು. ಬ್ಲೇಮ್ ಅಂದರೆ ದೂಷಿಸುವುದು, ಮಳೆಯನ್ನೂ ದೂಷಿಸಬಹುದು. ಚಾರ್ಜ್ ಇವುಗಳಲ್ಲಿ ಭಾರವಾದದ್ದು, ಅದರ ಹಿಂದೆ ಕಾನೂನೋ ಇಲಾಖೆಯೋ ನಿಂತಿರುತ್ತದೆ. ಜೊತೆಯ ಪದಗಳೂ ಬೇರೆ. ಚಾರ್ಜ್ಡ್ ವಿತ್ ಥೆಫ್ಟ್, ಅಕ್ಯೂಸ್ಡ್ ಆಫ್ ಥೆಫ್ಟ್, ಬ್ಲೇಮ್ಡ್ ಫಾರ್ ದ ಥೆಫ್ಟ್. ‘ಅಕ್ಯೂಸ್ಡ್ ಫಾರ್’ ಅನ್ನುವುದು ನಮ್ಮಲ್ಲಿ ಎಲ್ಲೆಲ್ಲೂ ಕಿವಿಗೆ ಬೀಳುತ್ತದೆ, ಅದು ತಪ್ಪು.

ನುಗ್ಗುವುದು, ಸಿಡಿಯುವುದು, ತುಂಬುವುದು

ಹೊರೆಗೂ ದಾಳಿಗೂ ಏನು ಸಂಬಂಧ? ಆಯುಧಕ್ಕೆ ಮದ್ದು ತುಂಬುವುದೂ ಚಾರ್ಜೇ. ಹಳೆಯ ಕೋವಿಗೆ ಒಂದು ಸಲಕ್ಕೆ ತುಂಬುವ ಮದ್ದಿಗೆ ಚಾರ್ಜ್ ಅನ್ನುತ್ತಿದ್ದರು. ಕಲ್ಲು ಕ್ವಾರಿಯಲ್ಲಿ ಇವತ್ತಿಗೂ ಕುಳಿಗೆ ಹಾಕುವ ಸಿಡಿಮದ್ದು ಚಾರ್ಜ್. ಆಯುಧ ಸಿದ್ಧ ಮಾಡಿಕೊಂಡು ಮೇಲೆ ಬೀಳುವುದಕ್ಕೂ ಅದೇ ಹೆಸರು ನಿಂತಿತು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಸೇರಿ ಮಾಡಿದ್ದು ಇಂಥದೇ ಚಾರ್ಜ್. ಎದುರಿಗೆ ಮೆಷಿನ್ ಗನ್, ಇವರು ಕುದುರೆ ಮೇಲೆ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ ಬನ್ನಿ. ಅಂದಹಾಗೆ ಹಳೆಯ ಇಂಗ್ಲಿಷಿನ ಕಥೆಗಳಲ್ಲಿ ಚಾರ್ಜರ್ ಅಂತ ಕಂಡರೆ ಅದು ಯುದ್ಧದ ಕುದುರೆ.

ಈ ಅರ್ಥಕ್ಕೆ ಕನ್ನಡದಲ್ಲಿ ‘ದಾಳಿ’ ಒಂದೇ ಅಲ್ಲ, ಬೇಕಾದಷ್ಟು ಪದಗಳಿವೆ. ಹೋರಿ ಹಾಯುತ್ತದೆ. ಆನೆ ಅಟ್ಟಿಸಿಕೊಂಡು ಬರುತ್ತದೆ. ಸೈನ್ಯ ಏರಿ ಬರುತ್ತದೆ. ಜನ ನುಗ್ಗುತ್ತಾರೆ. ಪೊಲೀಸರದು ಲಾಠಿ ಪ್ರಹಾರ. ಕಾಡಿನ ಗೈಡುಗಳು ಹೇಳುವ ಮಾಕ್ ಚಾರ್ಜ್ ಅಂದರೆ ಆನೆ ಹೆದರಿಸಲು ನುಗ್ಗಿ ಬಂದು ನಡುವೆ ನಿಂತುಬಿಡುವುದು. ಇಂಗ್ಲಿಷಿನಲ್ಲಿ ರಶ್, ಅಟ್ಯಾಕ್, ಸ್ಟಾರ್ಮ್ ಬಳಸಬಹುದು. ಸ್ಟಾರ್ಮ್ ಅನ್ನು ಕೋಟೆ, ಕಟ್ಟಡಗಳಿಗೆ ಇಟ್ಟುಕೊಳ್ಳಿ.

ವಿದ್ಯುತ್ತಿನ ಚಾರ್ಜ್ ಕೂಡ ತುಂಬುವ ಅರ್ಥದಿಂದಲೇ ಬಂದದ್ದು. ಬ್ಯಾಟರಿ ಎಂಬ ಹೆಸರಂತೂ ನೇರವಾಗಿ ಫಿರಂಗಿಗಳ ಸಾಲಿನಿಂದ ಬಂದಿದೆ, 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿದ ಗಾಜಿನ ಹಲಗೆಗಳನ್ನು ಸಾಲಾಗಿ ಜೋಡಿಸಿ ಹಾಗೆ ಕರೆದರು. ನಮ್ಮ ವಿಜ್ಞಾನದ ಪುಸ್ತಕಗಳು ಇದನ್ನು ವಿದ್ಯುದಾವೇಶ ಅನ್ನುತ್ತವೆ. ಇದನ್ನು ಅಳೆಯುವುದು ಕೂಲಂಬ್‌ನಲ್ಲಿ. ನಿಮ್ಮ ಕೈಯಲ್ಲಿರುವ 5,000 ಎಂಎಎಚ್ ಫೋನಿನ ಬ್ಯಾಟರಿ ತುಂಬಿದಾಗ 18,000 ಕೂಲಂಬ್ ಕೊಡಬಲ್ಲದು. ಇಲ್ಲಿ ಚಾರ್ಜಿಗೆ ಬೇರೆ ಸಮಾನಾರ್ಥಕ ಹುಡುಕಬೇಡಿ, ವಿಜ್ಞಾನದಲ್ಲಿ ಅದು ಅಳತೆಯ ಪದ, ಬದಲಿಸಬಾರದು. ಮಾತಿನಲ್ಲಿ ಮಾತ್ರ ‘ಫೋನಲ್ಲಿ ಚಾರ್ಜ್ ಇಲ್ಲ’ ಅನ್ನುವುದಕ್ಕೆ ಇಂಗ್ಲಿಷಿನವರು ‘ಮೈ ಬ್ಯಾಟರಿ ಈಸ್ ಡೆಡ್’ ಅನ್ನುತ್ತಾರೆ. ದುಡ್ಡು ಹಾಕಿಸುವ ರೀಚಾರ್ಜಿಗೆ ನಮ್ಮ ಕಡೆ ‘ಕರೆನ್ಸಿ ಹಾಕಿಸು’ ಅನ್ನುತ್ತೇವೆ, ಬ್ರಿಟನ್ನಿನಲ್ಲಿ ಟಾಪ್ ಅಪ್. ಬೋರ್‌ವೆಲ್ ರೀಚಾರ್ಜಿಗೆ ಮರುಪೂರಣ ಅನ್ನುವ ಒಳ್ಳೆಯ ಪದ ರೈತರ ಬಾಯಲ್ಲೇ ಓಡಾಡುತ್ತಿದೆ.

ಇಳಿಸುವುದು

ಚಾರ್ಜ್ ಹೇರುವುದಾದರೆ ಡಿಸ್ಚಾರ್ಜ್ ಇಳಿಸುವುದು. ಇದೊಂದು ಹಿಡಿದರೆ ಡಿಸ್ಚಾರ್ಜಿನ ಎಲ್ಲ ಅರ್ಥಗಳೂ ತಾವಾಗೇ ಬಿಡಿಸಿಕೊಳ್ಳುತ್ತವೆ. ಆಸ್ಪತ್ರೆ ರೋಗಿಯ ಹೊಣೆ ಇಳಿಸಿ ಮನೆಗೆ ಕಳಿಸುತ್ತದೆ. ಬ್ಯಾಟರಿ ತುಂಬಿಕೊಂಡದ್ದನ್ನು ಬಿಡುತ್ತದೆ. ಗಾಯದಿಂದ ಕೀವು ಬರುತ್ತದೆ. ಕೆಆರ್‌ಎಸ್‌ನಿಂದ ಇಷ್ಟು ಕ್ಯೂಸೆಕ್ ಡಿಸ್ಚಾರ್ಜ್ ಅಂದರೆ ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಕರ್ತವ್ಯವನ್ನು ಡಿಸ್ಚಾರ್ಜ್ ಮಾಡಿದರು ಅಂದರೆ ಬಿಟ್ಟುಬಿಟ್ಟರು ಅಂತ ಅಲ್ಲ, ಮಾಡಿ ಮುಗಿಸಿ ಹೊರೆ ಇಳಿಸಿಕೊಂಡರು, ನಿರ್ವಹಿಸಿದರು ಅಂತ. ಇದನ್ನು ಎಷ್ಟೋ ಜನ ತಿರುಗಿಸಿ ಓದುತ್ತಾರೆ.

ಕೋರ್ಟಿನ ಡಿಸ್ಚಾರ್ಜ್ ಇನ್ನೂ ಸೂಕ್ಷ್ಮ. ವಿಚಾರಣೆ ಶುರುವಾಗುವ ಮುಂಚೆಯೇ, ಈ ಆರೋಪಕ್ಕೆ ಆಧಾರ ಸಾಲದು ಅಂತ ಕೋರ್ಟು ಒಬ್ಬರನ್ನು ಪ್ರಕರಣದಿಂದ ಕೈಬಿಟ್ಟರೆ ಅದು ಡಿಸ್ಚಾರ್ಜ್. ವಿಚಾರಣೆ ಪೂರ್ತಿ ನಡೆದು ತಪ್ಪಿತಸ್ಥರಲ್ಲ ಅಂತ ತೀರ್ಪು ಬಂದರೆ ಅಕ್ವಿಟಲ್, ನಮ್ಮ ಖುಲಾಸೆ. ಎರಡಕ್ಕೂ ಖುಲಾಸೆ ಅಂತ ಬರೆಯಬೇಡಿ.

ಕೈಯಾರೆ ಮಾಡಿ ನೋಡಿ

ಇನ್ನು ಅಭ್ಯಾಸ. ಒಂದು ವಾರ ಕರೆಂಟ್ ಬಿಲ್, ಪೇಪರು, ಬ್ಯಾಂಕ್ ಮೆಸೇಜು, ಎಲ್ಲೆಲ್ಲಿ ಈ ಪದ ಸಿಗುತ್ತದೋ ಬರೆದುಕೊಳ್ಳಿ. ಪಕ್ಕದಲ್ಲಿ ಹೇರಿದ್ದು ಏನು ಅಂತ ಒಂದು ಕನ್ನಡ ಪದ ಬರೆಯಿರಿ. ಆಮೇಲೆ ಇಂಗ್ಲಿಷ್ ಸಮಾನಾರ್ಥಕವನ್ನು ಅದೇ ವಾಕ್ಯದಲ್ಲಿ ಕೂರಿಸಿ ಗಟ್ಟಿಯಾಗಿ ಓದಿ. ವಿತ್, ಆಫ್, ಫಾರ್, ಆನ್ ಇವು ಹೊಂದಿಕೊಳ್ಳದಿದ್ದರೆ ನೀವು ಆರಿಸಿದ ಪದವನ್ನು ಇನ್ನೊಮ್ಮೆ ನೋಡಿ.

ಶುರು ಮಾಡಲು ನಾಲ್ಕು ಕೊಡುತ್ತೇನೆ. ‘ದ ಕ್ರೌಡ್ ವಾಸ್ ಚಾರ್ಜ್ಡ್’, ‘ದ ಕ್ರೌಡ್ ಚಾರ್ಜ್ಡ್’, ‘ದ ಕ್ರೌಡ್ ವಾಸ್ ಚಾರ್ಜ್ಡ್ ವಿತ್ ರಯಟಿಂಗ್’, ‘ದ ಕ್ರೌಡ್ ವಾಸ್ ಚಾರ್ಜ್ಡ್ ಟೆನ್ ರುಪೀಸ್ ಈಚ್’. ಉತ್ತರ ನೋಡುವ ಮುಂಚೆ ಕೈಯಿಂದ ಕೆಳಗಿನದನ್ನು ಮುಚ್ಚಿಕೊಳ್ಳಿ.

ಮೊದಲನೆಯದರಲ್ಲಿ ಜನರ ಮೈಯಲ್ಲಿ ಆವೇಶ ತುಂಬಿತ್ತು, ಕಾವೇರಿತ್ತು. ಎರಡನೆಯದರಲ್ಲಿ ಜನ ನುಗ್ಗಿದರು. ಮೂರನೆಯದರಲ್ಲಿ ಅವರ ಮೇಲೆ ಗಲಭೆಯ ಆರೋಪ ಹೊರಿಸಲಾಯಿತು. ನಾಲ್ಕನೆಯದರಲ್ಲಿ ತಲೆಗೆ ಹತ್ತು ರೂಪಾಯಿ ತಗೊಂಡರು.